ಒಂದೇ ಹೆಸರಿನ ಎರಡು ಚೀಟಿ

ನಾನು ಒಂದು ಲೇಬಲ್ ಪ್ರಿಂಟರ್. ಪಾರ್ಸೆಲ್ ಪೆಟ್ಟಿಗೆಯ ಮೇಲೆ ಹೆಸರು, ವಿಳಾಸ, ನಂಬರು, ಗೀಟುಗೀಟಾದ ಗುರುತು ಇರುವ ಬಿಳಿ ಚೀಟಿ ಅಂಟಿಸಿರುತ್ತಾರಲ್ಲ, ಅದನ್ನು ಅಚ್ಚು ಹಾಕಿ ಕೊಡುವುದು ನನ್ನ ಕೆಲಸ. ಗಾತ್ರದಲ್ಲಿ ಒಂದು ರೊಟ್ಟಿ ಡಬ್ಬಿಯಷ್ಟಿದ್ದೇನೆ. ಮುಂದೆ ಒಂದು ಸೀಳು ಬಾಯಿ, ಅದರ ಪಕ್ಕ ಪುಟ್ಟ ದೀಪ. ಎಲ್ಲ ಸರಿಯಿದ್ದರೆ ಹಸಿರು, ಕಾಗದ ಸಿಕ್ಕಿಕೊಂಡರೆ ಕೆಂಪು. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ನಗಬೇಡಿ. ನಾನು ಮಹಾ ಪುಕ್ಕಲು. ಮೊದಲು ಹೀಗಿರಲಿಲ್ಲ. ಒಂದು ಗುರುವಾರದಿಂದ ಹೀಗಾದೆ.

ಹುಟ್ಟಿದ್ದು ಎಲ್ಲೋ ದೂರದ ಕಾರ್ಖಾನೆಯಲ್ಲಿ. ಯಾವ ದೇಶವೆಂದು ಕೇಳಬೇಡಿ, ಅದನ್ನು ನನ್ನ ಬೆನ್ನ ಮೇಲೆ ಬರೆದಿದ್ದಾರೆ, ನನಗೆ ಕಾಣುವುದಿಲ್ಲ. ಕಣ್ಣು ಬಿಟ್ಟಾಗ ಯಾರೋ ನನ್ನ ಬಾಯಿಂದ ಮೊದಲ ಚೀಟಿ ಎಳೆದು ನೋಡಿ, ತಲೆಯಾಡಿಸಿ, ಮುಚ್ಚಳ ಹಾಕಿದ್ದಷ್ಟೇ ನೆನಪು. ನನ್ನೊಳಗೆ ಶಾಯಿ ಇಲ್ಲ. ಒಂದು ಸಣ್ಣ ಪಟ್ಟಿ ಇದೆ, ಅದು ಕಾಯುತ್ತದೆ. ಕಾಗದ ಅದಕ್ಕೆ ಮೈ ತಾಗಿಸಿಕೊಂಡು ಹೋಗುವಾಗ ಕಾದ ಕಡೆಯೆಲ್ಲ ಕಪ್ಪಾಗಿ ಅಕ್ಷರ ಮೂಡುತ್ತದೆ. ಅಂದರೆ ನಾನು ಬರೆಯುವವನಲ್ಲ, ಸುಡುವವನು. ಆಗ ಇದು ನನಗೆ ದೊಡ್ಡ ಹೆಮ್ಮೆಯ ಸಂಗತಿಯಾಗಿತ್ತು.

ನನ್ನನ್ನು ಮೊದಲು ಕೊಂಡವರು ಹುಬ್ಬಳ್ಳಿಯ ಚಂಪಾವತಿ ಟೀಚರ್. ಶಾಲೆ ಮುಗಿಸಿ ಬಂದು ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕುಟ್ಟಿ ಊರೂರಿಗೆ ಕಳಿಸುತ್ತಿದ್ದರು. ಒಂದು ಸಲ ಹುರಿದ ಬಿಸಿ ಆರುವ ಮುಂಚೆಯೇ ಪುಡಿಯನ್ನು ಡಬ್ಬಿಗೆ ತುಂಬಿ, ಮೇಲೆ ಚೀಟಿ ಅಂಟಿಸಿದರು ನೋಡಿ, ಡಬ್ಬಿಯ ಬಿಸಿಗೆ ಚೀಟಿಯ ಅರ್ಧ ಕರ್ರಗಾಗಿ ವಿಳಾಸವೇ ಮಾಯ! "ಅಯ್ಯ ಶಿವನ!" ಎಂದು ಟೀಚರ್ ಹಣೆ ಬಡಿದುಕೊಂಡರು. ಆವತ್ತು ಅವರು ಕಂಪ್ಯೂಟರಿನಲ್ಲಿ ಮತ್ತೊಮ್ಮೆ ಎಂಬ ಗುಂಡಿ ಒತ್ತಿದರು, ನಾನು ಅದೇ ಹೆಸರನ್ನು, ಅದೇ ನಂಬರನ್ನು ಇನ್ನೊಂದು ಸಲ ಸುಟ್ಟು ಕೊಟ್ಟೆ. ಹೊಸದನ್ನು ಅಂಟಿಸುವ ಮುಂಚೆ ಟೀಚರ್ ಹಳೆಯದನ್ನು ಕಿತ್ತು, ನಾಲ್ಕು ಚೂರು ಮಾಡಿ, ಕಸದ ಬುಟ್ಟಿಗೆ ಹಾಕಿದರು. ಯಾಕಿಷ್ಟು ಜಾಗ್ರತೆ ಎಂದುಕೊಂಡಿದ್ದೆ. ಎರಡು ವರ್ಷದ ಮೇಲೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು, ಚಟ್ನಿಪುಡಿ ನಿಂತಿತು, ನಾನು ಗುರುಪಾದಪ್ಪನ ಕೈಗೆ ಬಂದೆ.

ಗುರುಪಾದಪ್ಪನದು ಹಳೇಹುಬ್ಬಳ್ಳಿಯ ಓಣಿಯೊಂದರಲ್ಲಿ ಅಂಚೆ ಪಾರ್ಸೆಲ್ ಬುಕ್ ಮಾಡಿಕೊಳ್ಳುವ ಪುಟ್ಟ ಅಂಗಡಿ. ಜನ ಸಾಮಾನು ತಂದುಕೊಡುತ್ತಾರೆ, ಇಲ್ಲಿ ಪೆಟ್ಟಿಗೆಗೆ ಹಾಕಿ, ಟೇಪು ಸುತ್ತಿ, ಚೀಟಿ ಹಚ್ಚಿ, ನಾಲ್ಕು ಗಂಟೆಯ ಗಾಡಿಗೆ ಏರಿಸುತ್ತಾರೆ. ಗುರುಪಾದಪ್ಪ ದೊಡ್ಡ ದನಿಯ, ಸಣ್ಣ ಗುಂಡಿಗೆಯ ಮನುಷ್ಯ. ಕೆಲಸವೆಲ್ಲ ಕಸ್ತೂರಿಯದು. ಮೂವತ್ತೆಂಟು ವಯಸ್ಸು, ಚುರುಕು ಕೈ, ಟೇಪನ್ನು ಹಲ್ಲಿನಿಂದಲೇ ಕಡಿಯುವ ಗಟ್ಟಿಗಿತ್ತಿ. ಏಳು ವರ್ಷದಿಂದ ಅಲ್ಲೇ ಇದ್ದಳು. ಪೆಟ್ಟಿಗೆಗಳೊಂದಿಗೆ ಮಾತಾಡುವ ಚಾಳಿ ಅವಳಿಗೆ. "ನೀ ಎಲ್ಲಿಗೆ ಹೊಂಟೀಯವಾ? ಸಿಂಧನೂರಿಗಾ? ಬಿಸಲು ಭಾಳ ಐತಿ ಅಲ್ಲೆ, ಹುಷಾರು" ಎನ್ನುತ್ತ ಚೀಟಿ ಹಚ್ಚುವಳು. ನನಗೆ ಅವಳೆಂದರೆ ಜೀವ.

ಗೋಡೆಯ ಮೇಲೆ ಗುರುಪಾದಪ್ಪ ಕೆಂಪು ಅಕ್ಷರದಲ್ಲಿ ಬರೆಸಿದ್ದ: ಹಳೆ ಚೀಟಿ ಹರಿದ ಮೇಲೇ ಹೊಸ ಚೀಟಿ. ಬರೆಸಿದವನೂ ಸೇರಿ ಯಾರೂ ಅದನ್ನು ಓದುತ್ತಿರಲಿಲ್ಲ.

ಇನ್ನು ಆಯುಧಪೂಜೆಯ ಕಥೆ ಕೇಳಿ. ಮಹಾನವಮಿಯ ದಿನ ತಕ್ಕಡಿಗೆ, ಕತ್ತರಿಗೆ, ಕಂಪ್ಯೂಟರಿಗೆ ಪೂಜೆಯಾದ ಮೇಲೆ ಕಸ್ತೂರಿ ನನ್ನ ಹಣೆಗೂ ವಿಭೂತಿ ಬಳಿದು, ನಡುವೆ ಇಷ್ಟಗಲ ಕುಂಕುಮ ಇಟ್ಟು, ಚೆಂಡುಹೂವಿನ ಮಾಲೆ ಹಾಕಿದಳು. ನಾನೂ ಉಬ್ಬಿಹೋದೆ. ಆದರೆ ಮರುದಿನ ಮುಚ್ಚಳ ತೆಗೆದಾಗ ಆ ಕುಂಕುಮ ಉದುರಿ ಒಳಗಿನ ಪಟ್ಟಿಗೆ ಕಚ್ಚಿಕೊಂಡಿತು. ಅಲ್ಲಿಂದ ಹಿಡಿಯಿತು ನನ್ನ ರೋಗ. ಐದಾರು ಚೀಟಿ ಚೆನ್ನಾಗಿ ಬರುವುದು, ಆಮೇಲೆ ಒಂದು ಚೀಟಿಗೆ ಉದ್ದಕ್ಕೆ ಬಿಳಿ ಗೆರೆ. ಆ ಗೆರೆ ಗೀಟಿನ ಗುರುತಿನ ಮೇಲೆ ಬಿತ್ತೆಂದರೆ ಅಂಚೆಯ ಯಂತ್ರ ಅದನ್ನು ಓದುವುದಿಲ್ಲ. ಆಗ ಕಸ್ತೂರಿ ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ನನ್ನ ಪಟ್ಟಿ ಒರೆಸಿ, ಮತ್ತೊಮ್ಮೆ ಗುಂಡಿ ಒತ್ತುವಳು. ದಿನಕ್ಕೆ ಹತ್ತು ಸಲ ಇದೇ ಗೋಳು.

ಕೆಟ್ಟ ಚೀಟಿಯನ್ನು ಆಗಲೇ ಹರಿಯಲು ಹೋದರೆ ಅದರ ಅಂಟು ಬೆರಳಿಗೆಲ್ಲ ಮೆತ್ತಿಕೊಳ್ಳುತ್ತದೆ, ಹೊತ್ತು ಹೋಗುತ್ತದೆ. ಅದಕ್ಕೇ ಕಸ್ತೂರಿ ಒಂದು ಉಪಾಯ ಮಾಡಿಕೊಂಡಿದ್ದಳು. ಕೆಟ್ಟಿದ್ದನ್ನು ನನ್ನ ತಲೆಯ ಮೇಲೆ ತುದಿ ಮಾತ್ರ ತಾಗುವಂತೆ ಅಂಟಿಸಿಡುವುದು, ಗಾಡಿ ಹೋದ ಮೇಲೆ ಎಲ್ಲವನ್ನೂ ಒಟ್ಟಿಗೆ ಕಿತ್ತು ಹರಿಯುವುದು. ನನ್ನ ನೆತ್ತಿಯ ಮೇಲೆ ಯಾವಾಗಲೂ ನಾಲ್ಕೈದು ಚೀಟಿ ಫಡಫಡ ಅನ್ನುತ್ತಿದ್ದವು. ನಾನದನ್ನು ಮುಂಡಾಸು ಅಂದುಕೊಂಡು ಮೆರೆಯುತ್ತಿದ್ದೆ. ಮೂರ್ಖ ನಾನು!

ಆ ಗುರುವಾರ ಮಧ್ಯಾಹ್ನ ಮೂರೂವರೆಗೆ ಎರಡು ಸಾಮಾನು ಬಂದವು. ಮೊದಲನೆಯದು ಔಷಧದ ಅಂಗಡಿಯ ಕೌಜಲಗಿಯವರದು. ಅದು ಪ್ರತಿ ತಿಂಗಳೂ ಬರುವಂಥದು. ಕುಷ್ಟಗಿಯ ಆಚೆ ಒಂದು ಸಣ್ಣ ಊರಿನಲ್ಲಿ ಭೀಮಾಂಬಿಕಾ ಎಂಬ ಎಂಟು ವರ್ಷದ ಹುಡುಗಿಗೆ ಫಿಟ್ಸ್ ಬರುತ್ತದೆ, ಆ ಔಷಧ ಒಂದು ದಿನವೂ ತಪ್ಪುವಂತಿಲ್ಲ. ತಾಯಿ ಇಲ್ಲ, ತಂದೆ ಬೋರ್‌ವೆಲ್ ಲಾರಿಯ ಜೊತೆ ರಾಜ್ಯದಿಂದ ರಾಜ್ಯಕ್ಕೆ ಅಲೆಯುವವನು. ಅಜ್ಜಿ ಹುಲಿಗೆವ್ವನೇ ಮುಂಜಾನೆ ಒಂದು ಮುಚ್ಚಳ ಅಳೆದು ಕುಡಿಸುತ್ತಾಳೆ. ಅಜ್ಜಿಗೆ ಓದು ಬರುವುದಿಲ್ಲ. ಬಿಳಿ ಪೆಟ್ಟಿಗೆ, ಕಂದು ಬಾಟಲಿ, ಅಷ್ಟೇ ಅವಳ ಗುರುತು. ಚೀಟಿಯ ಮೇಲಿರುವುದೂ ಅವಳದೇ ಹೆಸರು.

ಎರಡನೆಯದನ್ನು ತಂದವರು ದನದ ಔಷಧದ ಅಂಗಡಿಯ ಅಜ್ಜ. ಅದೂ ಕಂದು ಬಾಟಲಿ. ರೋಣದ ಕಡೆಯ ರೈತರೊಬ್ಬರಿಗೆ ಹೋಗಬೇಕಿತ್ತು. ಅಜ್ಜ ಅದನ್ನು ಮೇಜಿನ ಮೇಲಿಟ್ಟು, "ಎತ್ತಿಗೆ ಹುಳದ ಔಷಧ ಇದು. ಛಲೋತ್ನಾಗಿ ಕಟ್ಟವಾ, ಸೋರಬಾರದು. ದೊಡ್ಡವರ ಹೊಟ್ಟ್ಯಾಗ ಹೋದ್ರನ ತ್ರಾಸು, ಸಣ್ಣ ಹುಡುಗರ ಬಾಯಿಗೆ ಬಿತ್ತಂದ್ರ ಮುಗದಹೋತು" ಅಂದರು. ಕಸ್ತೂರಿ ಎರಡನ್ನೂ ಒಂದೇ ಅಳತೆಯ ಬಿಳಿ ಪೆಟ್ಟಿಗೆಗೆ ಹಾಕಿ, ಒಂದೇ ಕಂದು ಟೇಪು ಸುತ್ತಿದಳು. ಅವಳ ಬಳಿ ಆ ಅಳತೆಯದು ಅದೊಂದೇ ಇತ್ತು.

ಹುಲಿಗೆವ್ವನ ಚೀಟಿ ಹಾಕಿದೆ. ಬಂತು ನೋಡಿ ಬಿಳಿ ಗೆರೆ. "ಥೂ, ನಿನ್ನ!" ಎಂದು ಕಸ್ತೂರಿ ಅದನ್ನು ನನ್ನ ತಲೆಗೆ ಅಂಟಿಸಿ, ಪಟ್ಟಿ ಒರೆಸಿ, ಮತ್ತೊಮ್ಮೆ ಒತ್ತಿದಳು. ಈ ಸಲ ಮುತ್ತಿನಂಥ ಅಕ್ಷರ. ಅದನ್ನು ಹುಡುಗಿಯ ಔಷಧದ ಪೆಟ್ಟಿಗೆಗೆ ಹಚ್ಚಿದಳು. ಅಲ್ಲಿಗೆ ಸರಿಯಾಗಿತ್ತು. ಆಮೇಲೆ ರೋಣದ ಚೀಟಿಗೂ ಗುಂಡಿ ಒತ್ತಿದಳು. ಅಷ್ಟರಲ್ಲಿ ಹೊರಗೆ ಗಾಡಿಯವನು ಹಾರ್ನ್ ಬಾರಿಸತೊಡಗಿದ. ಕಸ್ತೂರಿ ಎರಡೂ ತೋಳಿನಲ್ಲಿ ಪೆಟ್ಟಿಗೆ ಅಪ್ಪಿಕೊಂಡು ಓಡಿದಳು.

"ಏ ಕಸ್ತೂರಿ, ಆಂವ ನಿಂದ್ರಾಂಗಿಲ್ಲ, ಇದೊಂದು ಉಳದೈತಿ!" ಎನ್ನುತ್ತ ಗುರುಪಾದಪ್ಪ ಧಡಕ್ಕನೆ ಎದ್ದು ಬಂದ. ಏಳು ವರ್ಷದಲ್ಲಿ ಅವನು ಕೆಲಸಕ್ಕೆ ಕೈ ಹಾಕಿದ್ದು ಹತ್ತು ಸಲವೂ ಇರಲಾರದು. ರೋಣದ ಚೀಟಿ ನನ್ನ ಬಾಯಿಂದ ಇನ್ನೂ ಪೂರ್ತಿ ಹೊರಬಿದ್ದಿರಲಿಲ್ಲ. ಅವನ ಕಣ್ಣಿಗೆ ಬಿದ್ದದ್ದು ನನ್ನ ತಲೆಯ ಮೇಲಿನದು. ಸಿದ್ಧ ಮಾಡಿಟ್ಟಿದ್ದಾಳೆ ಅಂದುಕೊಂಡ. ಸರ್ರನೆ ಕಿತ್ತ, ಎತ್ತಿನ ಔಷಧದ ಪೆಟ್ಟಿಗೆಗೆ ಹಚ್ಚಿದ, ಅಂಗೈಯಿಂದ ಎರಡು ಸಲ ತಟ್ಟಿದ, ಹೊತ್ತೊಯ್ದ.

ಅಯ್ಯೋ, ನಾನೇನು ಮಾಡಲಿ? ನನಗೆ ಬಾಯಿ ಇದೆ, ಮಾತಿಲ್ಲ. ಯಾರೋ ಕೊಟ್ಟದ್ದನ್ನು ಸುಡಬಲ್ಲೆ, ನನ್ನದೊಂದು ಅಕ್ಷರ ಹುಟ್ಟಿಸಲಾರೆ. ದೀಪವನ್ನಾದರೂ ಕೆಂಪಾಗಿಸೋಣವೆಂದರೆ ಅದೂ ನನ್ನ ಕೈಯಲ್ಲಿಲ್ಲ, ಕಾಗದ ಸರಿಯಾಗಿಯೇ ಓಡಿತ್ತು. ಹಸಿರು ದೀಪ ಉರಿಸಿಕೊಂಡು ಕೂತೆ. ಒಂದೇ ಹೆಸರು ಹೊತ್ತು ಎರಡು ಪೆಟ್ಟಿಗೆ ಒಂದೇ ಗಾಡಿಯಲ್ಲಿ ಹೋದವು. ಒಂದರಲ್ಲಿ ಆ ಮಗುವಿನ ಜೀವ ಉಳಿಸುವುದು, ಇನ್ನೊಂದರಲ್ಲಿ ತೆಗೆಯುವುದು.

ಸಂಜೆ ಆರಕ್ಕೆ ಕಸ್ತೂರಿ ನನ್ನನ್ನು ಒರೆಸಲು ಬಂದಾಗ ನನ್ನ ಬಾಯಲ್ಲಿ ರೋಣದ ಚೀಟಿ ಜೋತಾಡುತ್ತಿತ್ತು. ಅವಳು ಓದಿದಳು. ತಲೆಯ ಮೇಲಿದ್ದ ಕೆಟ್ಟ ಚೀಟಿಗಳನ್ನು ಒಂದೊಂದಾಗಿ ನೋಡಿದಳು. ಹುಲಿಗೆವ್ವನದು ಇರಲಿಲ್ಲ. ಬುಟ್ಟಿ ಬೋರಲು ಹಾಕಿದಳು, ಮೇಜಿನ ಕೆಳಗೆ ಬಗ್ಗಿದಳು.

"ಅಣ್ಣಾರ, ಪೆಟ್ಟಿಗಿ ಹೋಗೇತಿ, ಚೀಟಿ ಇಲ್ಲೇ ಐತಿ. ಕಡೀ ಪೆಟ್ಟಿಗಿಗೆ ಯಾವ ಚೀಟಿ ಹಚ್ಚಿದ್ರಿ?"

"ನೀ ಪ್ರಿಂಟರ್ ಮ್ಯಾಲೆ ಇಟ್ಟಿದ್ದೆಲ್ಲಾ, ಅದನ್ನ."

"ಅದು ಹುಲಿಗೆವ್ವನ ಕೆಟ್ಟ ಚೀಟಿರಿ, ಎತ್ತಿನ ಔಷಧಕ್ಕ ಹಚ್ಚೀರಿ!" ಅಂದಳು ಕಸ್ತೂರಿ. ವಿಷಯ ತಿಳಿದಾಗ ಗುರುಪಾದಪ್ಪನ ದೊಡ್ಡ ದನಿಯೂ ಸಣ್ಣಗಾಯಿತು. ಚೀಟಿಯ ಮೇಲಿದ್ದ ಫೋನಿಗೆ ಮಾಡಿದರು. ಅದು ಹುಡುಗಿಯ ತಂದೆಯದು, ಸ್ವಿಚ್ ಆಫ್. ಪಾರ್ಸೆಲ್ ವಿಂಗಡಿಸುವ ಕಡೆಗೆ ಮಾಡಿದರು, ರಿಂಗಾಗಿ ರಿಂಗಾಗಿ ನಿಂತಿತು. ಆಮೇಲೆ ಗುರುಪಾದಪ್ಪ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದ:

"ಬಿಳೀ ಗೆರಿ ಇರೋ ಚೀಟಿ ಮಷೀನು ಓದಾಂಗಿಲ್ಲ. ಅವರ ತಡದು ವಾಪಸ್ ಕಳಿಸ್ತಾರ ಬಿಡು. ಇದನ್ನ ಹರದು ಒಗಿ. ಹೊರಗ ಗೊತ್ತಾದ್ರ ಅಂಗಡಿ ಲೈಸೆನ್ಸ ಹೋಕ್ಕೈತಿ, ನಿನ್ನ ಕೆಲಸಾನೂ ಹೋಕ್ಕೈತಿ."

"ಯಂತ್ರ ಓದದಿದ್ರ ಮನಿಷ್ಯಾರು ಓದಿ ಕಳಿಸ್ತಾರ್ರಿ ಅಣ್ಣಾರ. ಹೆಸರು ನೆಟ್ಟಗ ಐತಲ್ರಿ."

"ಕಳಿಸಾಂಗಿಲ್ಲ ಅಂದ್ನೆಲ್ಲ!"

ಕಸ್ತೂರಿ ಚೀಟಿಯ ಎರಡು ತುದಿ ಹಿಡಿದು ನಿಂತಳು. ಹರಿದರೆ ಆಯಿತು, ಲೋಕದಲ್ಲಿ ಯಾರಿಗೂ ತಿಳಿಯುವುದಿಲ್ಲ, ನನ್ನೊಬ್ಬನ ಹೊರತು. ಹರಿಯಬೇಡವೇ ತಾಯಿ ಎಂದು ಒಳಗೊಳಗೇ ಕೂಗಿಕೊಂಡೆ. ಅವಳು ಹರಿಯಲಿಲ್ಲ. ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಆದರೆ ಹೊರಡಲೂ ಇಲ್ಲ. ಅವಳಿಗೂ ಹೆದರಿಕೆ. ಆ ಕೆಲಸದ ಮೇಲೇ ಅವಳ ಮನೆಯ ಒಲೆ ಉರಿಯಬೇಕಿತ್ತು.

ಶುಕ್ರವಾರದಂಥ ದಿನ ನನ್ನ ಆಯುಷ್ಯದಲ್ಲಿ ಮತ್ತೊಂದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಕಸ್ತೂರಿ ಫೋನ್ ಮಾಡುವಳು, ಸ್ವಿಚ್ ಆಫ್. ಕೌಜಲಗಿಯವರನ್ನು ಏನೋ ನೆಪ ಹೇಳಿ ಕೇಳಿದಳು, ಅವರ ಬಳಿಯೂ ಅದೇ ನಂಬರು. ಆ ಊರಿನ ಅಂಚೆ ಕಚೇರಿಯ ಫೋನು ಸತ್ತುಹೋಗಿತ್ತು. ಕಂಪ್ಯೂಟರಿನಲ್ಲಿ ಆ ನಂಬರು ಎಲ್ಲಿಗೆ ಮುಟ್ಟಿದೆ ಎಂದು ನೋಡುವಳು: ಗದಗ ದಾಟಿತು, ಕೊಪ್ಪಳ ಮುಟ್ಟಿತು. ನಂಬರು ಒಂದೇ, ಪೆಟ್ಟಿಗೆ ಎರಡು. ಮುಂದೆ ಹೋದದ್ದು ಯಾವುದೆಂದು ಪರದೆ ಹೇಳುವುದಿಲ್ಲ. ಗಿರಾಕಿಗಳು ಬರುತ್ತಿದ್ದರು, ನಾನು ಚೀಟಿ ಹಾಕುತ್ತಿದ್ದೆ, ಪ್ರತಿ ಚೀಟಿ ಬಾಯಿಂದ ಹೊರಬೀಳುವಾಗಲೂ ಇದು ಯಾರ ಕುತ್ತಿಗೆಗೆ ಬರುವುದೋ ಎಂದು ಹೆದರುತ್ತಿದ್ದೆ. ಕಸ್ತೂರಿ ಆವತ್ತು ಯಾವ ಪೆಟ್ಟಿಗೆಯನ್ನೂ ಮಾತಾಡಿಸಲಿಲ್ಲ.

ಸಂಜೆ ಪರದೆ ನೋಡಿದಾಗ ನಂಬರು ಕುಷ್ಟಗಿ ಮುಟ್ಟಿತ್ತು. ಕಸ್ತೂರಿ ಚೀಲ ಹೆಗಲಿಗೆ ಹಾಕಿದಳು.

"ನಾಳೆ ಮುಂಜಾನಿ ಮೊದಲನೇ ಬಸ್ಸಿಗೆ ನಾ ಹೊಂಟೇನ್ರಿ ಅಣ್ಣಾರ."

"ಹೋದ್ರ ಈ ಬಾಗಿಲಾ ಮತ್ತ ತುಳೀಬ್ಯಾಡ!"

"ತುಳಿಯಂಗಿಲ್ರಿ. ನನ್ನ ತಮ್ಮಗೂ ಇದ ಬ್ಯಾನಿ ಇತ್ತು. ಹಲ್ಲು ಕಚ್ಚಿಕೊಂಡು ಒದ್ದಾಡೋದು ನಾ ನೋಡೇನಿ. ಆ ಹುಡುಗಿ ಔಷಧ ಅಂತ ಬಾಯಿ ತೆರಿತೈತ್ರಿ, ನಂಬಿ ತೆರಿತೈತಿ."

ಅವಳು ಹೋಗಿಬಿಟ್ಟಳು.

ಶನಿವಾರ ಛಟ್ಟಿ ಅಮಾವಾಸ್ಯೆ. ಗುರುಪಾದಪ್ಪ ಅಂಗಡಿ ಅರ್ಧ ಬಾಗಿಲು ತೆರೆದು, ಫೋನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಊಟಕ್ಕೆ ಏಳಲಿಲ್ಲ. ಮಧ್ಯಾಹ್ನ ಒಬ್ಬ ಗಿರಾಕಿ ಬಂದಾಗ ನನ್ನ ಗುಂಡಿ ಒತ್ತಲು ಕೈ ಚಾಚಿದವನು ಹಾಗೇ ಹಿಂತೆಗೆದುಕೊಂಡ. "ಇವತ್ತ ಬ್ಯಾಡ್ರಿ, ಸೋಮವಾರ ಬರ್ರಿ" ಎಂದು ಕಳಿಸಿಬಿಟ್ಟ. ಅವನಿಗೂ ನನ್ನ ಭಯ ಬಂದಿತ್ತು. ಮೂರು ಗಂಟೆಗೆ ಅವನ ಫೋನಿಗೆ ಕಸ್ತೂರಿಯ ಕರೆ ಬಂತು. "ಹಾಂ... ಹಾಂ..." ಎಂದಷ್ಟೇ ಅಂದ. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಹೋ ಎಂದು ಅತ್ತ. ದೊಡ್ಡ ಗಂಡಸು ಹಾಗೆ ಅಳುವುದನ್ನು ನೋಡಿ ನನ್ನ ಜೀವ ಹಾರಿಹೋಯಿತು. ಹುಡುಗಿ ಹೋದಳು ಅಂದುಕೊಂಡೆ. ಭಾನುವಾರ ಇಡೀ ದಿನ ಮುಚ್ಚಿದ ಅಂಗಡಿಯಲ್ಲಿ, ಅದೇ ಹೆದರಿಕೆಯಲ್ಲಿ ಒಬ್ಬನೇ ಇದ್ದೆ.

ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯಿತು. ಗುರುಪಾದಪ್ಪನ ಹಿಂದೆ ಕಸ್ತೂರಿ. ಹೊಸ್ತಿಲ ಹೊರಗೇ ನಿಂತಳು. "ಬಾರವಾ ಒಳಗ. ತುಳೀಬ್ಯಾಡ ಅಂದ ಬಾಯಿಗೆ ಹುಳ ಬೀಳಲಿ" ಅಂದ ಅವನು. ಅವಳ ಕೈಯಲ್ಲಿ ಎತ್ತಿನ ಔಷಧದ ಪೆಟ್ಟಿಗೆ ಇತ್ತು. ಟೇಪು ಹಾಗೇ ಇತ್ತು. ಒಡೆದಿರಲಿಲ್ಲ!

ಅವಳು ಕೂತು ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಕುಷ್ಟಗಿಯಲ್ಲಿ ಇಳಿದು, ಟಂಟಂ ಆಟೋ ಹಿಡಿದು, ಊರು ಮುಟ್ಟುವಾಗ ಎರಡು ಗಂಟೆ. ಅಂಚೆಯವನು ಹನ್ನೊಂದಕ್ಕೇ ಎರಡೂ ಪೆಟ್ಟಿಗೆ ಕೊಟ್ಟು ಹೋಗಿದ್ದ. ಇವಳು ಓಡಿ ಬಾಗಿಲಿಗೆ ಹೋದರೆ ಹುಡುಗಿ ಕಟ್ಟೆಯ ಮೇಲೆ ಕೂತು ಗಜ್ಜುಗ ಆಡುತ್ತಿದ್ದಳು. ಕಸ್ತೂರಿ ಅವಳನ್ನು ಬಾಚಿ ತಬ್ಬಿಕೊಂಡಳಂತೆ. ಇದ್ಯಾರು ಗುರುತಿಲ್ಲದವಳು ಎಂದು ಹುಡುಗಿ ಚೀರಿದಳಂತೆ. ಹಳೇ ಬಾಟಲಿಯಲ್ಲಿ ಆವತ್ತು ಮುಂಜಾನೆ ಅರ್ಧ ಮುಚ್ಚಳವಷ್ಟೇ ಉಳಿದಿತ್ತು, ಇನ್ನರ್ಧವನ್ನು ಹೊಸ ಬಾಟಲಿಯಿಂದ ಕುಡಿಸಬೇಕಿತ್ತು. ಹೊಸ ಪೆಟ್ಟಿಗೆ ಎರಡೂ ದೇವರ ಜಗಲಿಯ ಮೇಲಿದ್ದವು.

"ಯಾಕ ಒಡದಿಲ್ಲಬೇ ಆಯಿ ಅಂತ ಕೇಳಿದ್ನಿರಿ" ಅಂದಳು ಕಸ್ತೂರಿ. "ಅಮಾಸಿ ದಿನ ಹೊಸಾ ಔಷಧ ಯಾರು ತೆಗಿತಾರವಾ, ನಾಳಿ ಮುಂಜಾನಿ ತೆಗಿತೀನಿ ಅಂತು ಮುದುಕಿ. ಈ ತಿಂಗಳ ಎರಡ ಕಳಸ್ಯಾರ, ದೇವರಂಥವರು, ಅಂತು. ಮೊದಲ ಯಾವುದು ತೆಗೀಬೇಕಂತ ಮಾಡಿದ್ದಿ ಅಂದೆ. ಮುದುಕಿ ಇದನ್ನ ಎತ್ತಿ ತೋರಿಸಿತ್ರಿ." ಅವಳು ಮೇಜಿನ ಮೇಲಿದ್ದ ಪೆಟ್ಟಿಗೆಯನ್ನು ತೋರಿಸಿದಳು. ಅದರ ಚೀಟಿಯ ಮೇಲೆ ನನ್ನ ಬಿಳಿ ಗೆರೆ ಇತ್ತು.

ಕಸ್ತೂರಿ ಮುಂದುವರಿಸಿದಳು, "ಚೀಟಿ ಹರೀಲಾರದ ಇಟ್ಟಾಕಿ ನಾನು. ಶುಕ್ರವಾರ ಇಡೀ ದಿನ ಅಂಜಿ ಕುಂತಾಕಿನೂ ನಾನು. ಅಮಾಸಿ ಒಂದು ದಿನ ಹಿಂದ ಬಂದಿದ್ರ ಏನು ಮಾಡ್ತಿದ್ದೆ ಅಣ್ಣಾರ?" "ನಾನೂ ಹಚ್ಚೇನೆಲ್ಲ ಕಣ್ಣು ಮುಚ್ಚಿಕೊಂಡು" ಎಂದು ಗುರುಪಾದಪ್ಪ ಗೊಣಗಿ, ಎದ್ದು ಹೋಗಿ ದನದ ಔಷಧದ ಅಜ್ಜನಿಗೂ ಕೌಜಲಗಿಯವರಿಗೂ ತಾನೇ ಎಲ್ಲ ಹೇಳಿ ಬಂದ. ಇಬ್ಬರೂ ಬಾಯಿಗೆ ಬಂದಂತೆ ಬೈದರಂತೆ. ಬೈಸಿಕೊಂಡು ಬಂದವನ ಮುಖ ಗೆಲುವಾಗಿತ್ತು.

ಕಸ್ತೂರಿ ಆ ಕೆಟ್ಟ ಚೀಟಿಯನ್ನು ಪೆಟ್ಟಿಗೆಯಿಂದ ಹುಷಾರಾಗಿ ಬಿಡಿಸಿದಳು. ಈಗಲಾದರೂ ಹರಿಯುತ್ತಾಳೆ ಅಂದುಕೊಂಡೆ. ಅವಳು ಅದನ್ನು ನನ್ನ ತಲೆಯ ಮೇಲೆ, ತುದಿಯಲ್ಲ, ಪೂರ್ತಿ ಅಂಟಿಸಿ, ಅಂಗೈಯಿಂದ ಒತ್ತಿದಳು. ಅಂದಿನಿಂದ ನನ್ನ ತಲೆಯ ಮೇಲೆ ಬೇರೆ ಚೀಟಿ ಹತ್ತಲಿಲ್ಲ. ಮತ್ತೊಮ್ಮೆ ಗುಂಡಿ ಒತ್ತುವ ಮುಂಚೆ ಕಸ್ತೂರಿ ಹಳೆಯದನ್ನು ಚೂರು ಮಾಡುವಳು, ಅಂಟು ಮೆತ್ತಲಿ, ಗಾಡಿಯವನು ಎಷ್ಟಾದರೂ ಹಾರ್ನ್ ಬಾರಿಸಲಿ.

ಇದೆಲ್ಲ ಆಗಿ ಹನ್ನೊಂದು ವರ್ಷ. ನನ್ನ ಪಟ್ಟಿ ಪೂರ್ತಿ ಸವೆಯಿತು, ಅಕ್ಷರ ಮಸುಕಾಯಿತು, ಹೊಸ ಪ್ರಿಂಟರ್ ಬಂತು. ಗುಜರಿಯವನು ಬಂದಾಗ ಕಸ್ತೂರಿ ನನ್ನನ್ನು ಕೊಡಲಿಲ್ಲ. ಮೇಜಿನ ಮೇಲಿನ ಹಲಗೆಯಲ್ಲಿ, ಟೇಪಿನ ಸುರುಳಿಗಳ ಪಕ್ಕ, ತಂತಿ ಕಿತ್ತುಕೊಂಡು ಕೂತಿದ್ದೇನೆ. ದೀಪ ಇಲ್ಲ, ಹಸಿರೂ ಇಲ್ಲ, ಕೆಂಪೂ ಇಲ್ಲ. ನಾನು ಸುಟ್ಟ ಅಕ್ಷರ ಬಹಳ ವರ್ಷ ಬಾಳುವುದಿಲ್ಲ, ತಾನಾಗಿಯೇ ಮಾಸುತ್ತದೆ. ನನ್ನ ತಲೆಯ ಮೇಲಿನ ಚೀಟಿಯಲ್ಲಿ ಈಗ ಹೆಸರೂ ಇಲ್ಲ, ಊರೂ ಇಲ್ಲ, ಆ ಬಿಳಿ ಗೆರೆಯೂ ಉಳಿದ ಬಿಳಿಯಲ್ಲಿ ಸೇರಿಹೋಗಿದೆ. ನನ್ನ ಹೆದರಿಕೆ ಮಾತ್ರ ಮಾಸಿಲ್ಲ. ಆ ಮಗುವನ್ನು ಉಳಿಸಿದ್ದು ನಾವಲ್ಲ, ಒಬ್ಬ ಮುದುಕಿಯ ಅಮಾವಾಸ್ಯೆ. ಇದನ್ನು ನೆನೆದಾಗಲೆಲ್ಲ ತಂತಿಯಿಲ್ಲದ ಈ ಮೈಯೂ ನಡುಗುತ್ತದೆ. ಖಾಲಿ ಕಾಗದ ಯಾಕೆ ಅಂಟಿಸಿದ್ದೀರಿ ಎಂದು ಯಾರಾದರೂ ಕೇಳಿದರೆ ಕಸ್ತೂರಿ, "ಖಾಲಿ ಇಲ್ರಿ, ಅದರಾಗ ಒಂದು ಹುಡುಗಿ ಅದಾಳ" ಅನ್ನುತ್ತಾಳೆ.

ತಿಂಗಳ ಬಿಳಿ ಪೆಟ್ಟಿಗೆ ಈಗಲೂ ಹೋಗುತ್ತದೆ. ಮೊನ್ನೆ ಕೌಜಲಗಿಯವರು ಕಳಿಸಿದಾಗ ಹೊಸ ಪ್ರಿಂಟರ್ ಚೀಟಿ ಹಾಕಿತು. ಹಚ್ಚುವ ಮುಂಚೆ ಗಟ್ಟಿಯಾಗಿ ಓದುವುದು ಈಗ ಈ ಅಂಗಡಿಯ ಪದ್ಧತಿ. ಕಸ್ತೂರಿ ಕನ್ನಡಕ ಏರಿಸಿಕೊಂಡು ಓದತೊಡಗಿದವಳು ಅರ್ಧಕ್ಕೇ ನಿಂತಳು. ಹೆಸರು ಹುಲಿಗೆವ್ವನದಾಗಿರಲಿಲ್ಲ. ಅವಳು ಇನ್ನೊಮ್ಮೆ, ನಿಧಾನಕ್ಕೆ ಓದಿದಳು: "ಭೀಮಾಂಬಿಕಾ. ಕಾಲೇಜು ಹುಡುಗಿಯರ ಹಾಸ್ಟೆಲ್, ಕೊಪ್ಪಳ." ಓದಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪೆಟ್ಟಿಗೆಗೆ, "ನೀ ಎಲ್ಲಿಗೆ ಹೊಂಟೀಯವಾ? ಕಾಲೇಜಿಗಾ?" ಅಂದಳು. ಆಮೇಲೆ ಚೀಟಿ ಹಚ್ಚಿದಳು. ನಾನು ಮೇಲಿಂದ ಎಣಿಸಿದೆ. ಪೆಟ್ಟಿಗೆ ಒಂದು, ಚೀಟಿ ಒಂದು. ಸಾಲದೆಂದು ಇನ್ನೊಂದು ಸಲ ಎಣಿಸಿದೆ.